ಬೀದಿಗೆಲ್ಲ ಕೇಳುವಂತೆ

ಜನವರಿ 9

ಅಕ್ಕ,

ಸಿಹಿ ಸುದ್ದಿ ಮೊದಲು, ಉಪದೇಶ ಆಮೇಲೆ. ನಿನ್ನ ಮಗಳಿಗೆ, ಅಂದರೆ ನಮ್ಮ ರೇಡಿಯೊಗೆ, ಪಟ್ಟಿಯಲ್ಲಿ ಜಾಗ ಸಿಕ್ಕಿತು. ಬರುವ ಸೋಮವಾರದಿಂದ ನಿಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ ಅವಳಿಗೆ ಫಿಟ್ಸಿನ ಹೊಸ ಮಾತ್ರೆ ಶುರು. ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಮಲಗುವವರೆಗೂ ಮುಚ್ಚದ ಆ ಹುಡುಗಿ, ಮಾತಿನ ನಡುವೆ ಥಟ್ಟನೆ ನಿಂತು ಕಣ್ಣು ಮೇಲೆ ಮಾಡಿ ಬಿದ್ದುಬಿಡುವುದನ್ನು ಕಳೆದ ಸಲ ನಿನ್ನ ಅಂಗಡಿಯಲ್ಲಿ ನೋಡಿದ ಮೇಲೆ ನನಗೆ ಎಷ್ಟೋ ದಿನ ಊಟ ಸೇರಿರಲಿಲ್ಲ.

ಈಗ ಉಪದೇಶ. ಈ ಔಷಧಿಯನ್ನು ಹಲವು ಊರುಗಳಲ್ಲಿ ಪರೀಕ್ಷೆ ಮಾಡುತ್ತಿರುವುದು ನಮ್ಮ ಸಂಸ್ಥೆ. ಎಲ್ಲ ಊರಿನ ಲೆಕ್ಕವೂ ನನ್ನ ಮೇಜಿಗೆ ಬರುತ್ತದೆ. ಪರೀಕ್ಷೆಗೆ ಸೇರಿದ ಮಕ್ಕಳಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. ನೋಡಲು ಎರಡೂ ಒಂದೇ, ರುಚಿಯೂ ಒಂದೇ. ಯಾರಿಗೆ ಯಾವುದು ಎಂದು ಅಲ್ಲಿನ ಡಾಕ್ಟರಿಗೂ ಗೊತ್ತಿರುವುದಿಲ್ಲ. ಇದು ಮೋಸವಲ್ಲ ಅಕ್ಕ. ಗೊತ್ತಿದ್ದರೆ ನಾವು ನೋಡಬೇಕೆಂದುಕೊಂಡದ್ದೇ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹೀಗೆ.

ಇನ್ನೊಂದು ವಿಷಯ. ಇಲ್ಲಿ ಕೆಲಸ ಮಾಡುವವರ ಬಂಧುಗಳ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ ಎಂಬ ನಿಯಮವಿದೆ. ನಾನು ನಿನ್ನ ತಮ್ಮ ಎಂದು ಎಲ್ಲೂ ಬಾಯಿಬಿಟ್ಟಿಲ್ಲ. ನೀನೂ ಬಿಡಬೇಡ. ಫೋನೂ ಬೇಡ. ಆರೇಳು ಜನ ಒಂದೇ ಕೋಣೆಯಲ್ಲಿ ಕೂರುತ್ತೇವೆ, ನಿನ್ನ ದನಿ ಕೇಳಿದರೆ ಎಲ್ಲವೂ ನನ್ನ ಮುಖದ ಮೇಲೆ ಬರೆದಿರುತ್ತದೆ. ನನ್ನ ರೂಮಿನ ವಿಳಾಸಕ್ಕೆ ಕಾಗದ ಬರೆ. ಭಾವನಿಗೂ ಇಷ್ಟೇ ಹೇಳು.

ನಿನ್ನ ತಮ್ಮ


ಜನವರಿ 24

ತಮ್ಮಾ, ಲೆಕ್ಕದ ಮೇಷ್ಟ್ರೇ,

ದಿನವಿಡೀ ಕೂದಲೆಳೆಯಂಥ ಮುಳ್ಳು ಹಿಡಿದು ಕೂರುವ ಕೈಗೆ ಪೆನ್ನು ಒನಕೆಯ ಹಾಗಿರುತ್ತದೆ. ಅಕ್ಷರ ನೋಡಿ ನಗಬೇಡ. ಅಪ್ಪನ ವಾಚ್ ರಿಪೇರಿ ಅಂಗಡಿ ನನ್ನ ಪಾಲಿಗೆ ಬಂತು, ಅಪ್ಪನ ಮುದ್ದಾದ ಅಕ್ಷರ ನಿನ್ನ ಪಾಲಿಗೆ ಹೋಯಿತು. ಏನು ಮಾಡಲಿ.

ಆಸ್ಪತ್ರೆಗೆ ಎರಡು ಸಲ ಹೋಗಿ ಬಂದೆವು. ಕಾಯುವ ಕೋಣೆಯಲ್ಲಿ ಕಬ್ಬಿಣದ ಕುರ್ಚಿಗಳನ್ನು ಸಾಲಾಗಿ ಬೆಸೆದಿದ್ದಾರೆ. ಒಂದು ತುದಿಯಲ್ಲಿ ಒಂದು ಮಗು ಅದುರಲು ಶುರುಮಾಡಿದರೆ ಇನ್ನೊಂದು ತುದಿಯಲ್ಲಿ ಕೂತವರಿಗೂ ಅದು ಗೊತ್ತಾಗುತ್ತದೆ. ಆಗ ಯಾರೂ ತಿರುಗಿ ನೋಡುವುದಿಲ್ಲ, ಅವರವರ ಮಗುವಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಡಾಕ್ಟರಮ್ಮ ಒಳ್ಳೆಯವರು. ರೇಡಿಯೊ ಅವರ ಸ್ಟೆತಸ್ಕೋಪನ್ನೇ ಕಿತ್ತುಕೊಂಡು ಅವರ ಎದೆಗೆ ಹಿಡಿದು, "ನಡೀತಿದೆ" ಎಂದು ಸರ್ಟಿಫಿಕೇಟು ಕೊಟ್ಟಳು. ರಿಪೇರಿಯಾದ ವಾಚುಗಳನ್ನು ಕಿವಿಗೆ ಹಿಡಿದು "ನಡೀತಿದೆ, ನಡೀತಿದೆ" ಎಂದು ಹೇಳುವುದು ಅಂಗಡಿಯಲ್ಲಿ ಅವಳ ಕೆಲಸ. ನಾವಿಬ್ಬರೂ ಚಿಕ್ಕಂದಿನಲ್ಲಿ ಅಪ್ಪನಿಗೆ ಮಾಡಿಕೊಡುತ್ತಿದ್ದೆವಲ್ಲ, ಅದೇ.

ಅಲ್ಲಿ ಒಬ್ಬಳ ಪರಿಚಯವಾಯಿತು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬೇಕರಿ ಇಟ್ಟಿದ್ದಾಳೆ. ಅವಳ ಮಗ ಬಿದ್ದರೆ ತಲೆಗೆ ಏಟಾಗದಿರಲೆಂದು ಸ್ಪಂಜು ಇಟ್ಟು ಹೊಲಿದ ಟೋಪಿ ಹಾಕಿಕೊಂಡೇ ಇರುತ್ತಾನೆ. ಅವಳು ಕೂತ ತಕ್ಷಣ, "ನಿಮ್ದು ಖಾಲೀನೋ, ಭರ್ತೀನೋ?" ಅಂದಳು, ಗ್ಯಾಸ್ ಸಿಲಿಂಡರ್ ವಿಚಾರಿಸುವ ಹಾಗೆ. ನಕ್ಕುಬಿಟ್ಟೆ. ಅವಳು ನಗಲಿಲ್ಲ. "ನಮ್ಮ ಹುಡುಗನಿಗೆ ಖಾಲಿ ಬಂದಿದ್ರೆ ಅವ್ನು ವರ್ಷವೆಲ್ಲ ಬೀಳ್ತಾನೇ ಇರ್ಬೇಕು, ಇವ್ರು ಬರ್ಕೊಳ್ತಾನೇ ಇರ್ತಾರೆ. ಅಲ್ವೇನಕ್ಕಾ?" ಅಂದಳು.

ನಮ್ಮ ಡಬ್ಬಿಯ ಮೇಲೆ ಒಂದು ಸಂಖ್ಯೆ ಇದೆ. ಆ ಸಂಖ್ಯೆ ನಿನ್ನ ಹತ್ತಿರವೂ ಇರುತ್ತದಲ್ಲ. ನೋಡಿ ಹೇಳೋ. ನನಗೊಬ್ಬಳಿಗೆ ಹೇಳಿದರೆ ಯಾವ ಆಕಾಶವೂ ಕಳಚಿ ಬೀಳುವುದಿಲ್ಲ.

ಅಕ್ಕ


ಫೆಬ್ರವರಿ 5

ಅಕ್ಕ,

ಇಲ್ಲ. ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಸಂಖ್ಯೆಗಳ ಗುಟ್ಟು ಮೊಹರು ಹಾಕಿದ ಲಕೋಟೆಯಲ್ಲಿ ಮುಖ್ಯಸ್ಥರ ಬೀರುವಿನಲ್ಲಿದೆ.

ನಿನ್ನ ಬೇಕರಿಯವಳಿಗೆ ಸಿಟ್ಟು ಬರುವುದು ಸಹಜ. ಆದರೆ ಎಲ್ಲರಿಗೂ ನಿಜವಾದ ಮಾತ್ರೆಯನ್ನೇ ಕೊಟ್ಟೆವು ಎಂದಿಟ್ಟುಕೋ. ನಾಳೆ ಮಕ್ಕಳು ಗುಣವಾದರೆ ಅದು ಔಷಧಿಯಿಂದಲೋ, ವಯಸ್ಸಾದಂತೆ ತಾನಾಗಿಯೋ? ಯಾರಿಗಾದರೂ ಹೊಟ್ಟೆನೋವು ಬಂದರೆ ಅದು ಔಷಧಿಯದೋ, ಬೇಕರಿಯ ಬನ್ನಿನದೋ? ಖಾಲಿ ಮಾತ್ರೆ ತಿನ್ನುವ ಮಕ್ಕಳಿರುವುದರಿಂದಲೇ ಉಳಿದ ಮಕ್ಕಳ ವಿಷಯದಲ್ಲಿ ನಾವು ಸತ್ಯ ಹೇಳಲು ಸಾಧ್ಯ. ಇದು ಕಠಿಣವಾಗಿ ಕೇಳುತ್ತದೆ, ನನಗೆ ಗೊತ್ತು. ಆದರೆ ಇದಕ್ಕಿಂತ ಪ್ರಾಮಾಣಿಕವಾದ ದಾರಿ ಇನ್ನೂ ಯಾರಿಗೂ ಹೊಳೆದಿಲ್ಲ.

ದಯವಿಟ್ಟು ಇನ್ನೊಮ್ಮೆ ಕೇಳಬೇಡ. ನೀನು ಕೇಳಿದರೆ ಇಲ್ಲ ಎನ್ನುವುದು ನನಗೆ ಚಿಕ್ಕಂದಿನಿಂದಲೂ ಅಭ್ಯಾಸವಿಲ್ಲ.

ತಮ್ಮ


ಮಾರ್ಚ್ 2

ತಮ್ಮಾ,

ಇನ್ನು ಕೇಳುವುದಿಲ್ಲ, ಬಿಡು. ಕೇಳುವ ಅಗತ್ಯವೂ ಇಲ್ಲ.

ರೇಡಿಯೊಗೆ ಫಿಟ್ಸ್ ಬಹಳ ಕಡಿಮೆಯಾಗಿದೆ. ಜನವರಿಯಲ್ಲಿ ವಾರಕ್ಕೆ ಎರಡು ಮೂರು ಸಲ ಬೀಳುತ್ತಿದ್ದವಳು ಈ ಮೂರು ವಾರದಲ್ಲಿ ಒಮ್ಮೆ ಮಾತ್ರ ಬಿದ್ದಳು, ಅದೂ ಹಾಸಿಗೆಯ ಮೇಲೆ. ಮತ್ತೆ ಸ್ಕೂಲಿಗೆ ಹೋಗುತ್ತಿದ್ದಾಳೆ. ಮೇಷ್ಟ್ರು ಸುಸ್ತಾಗಿದ್ದಾರೆ. ನಿನ್ನ ಭಾವ ಮೊನ್ನೆ, "ಇವಳಿಗೆ ಒಂದು ವಾಲ್ಯೂಮ್ ಬಟನ್ನೂ ಬರ್ದು ಕೊಡೋಕೆ ಹೇಳು ಡಾಕ್ಟ್ರಿಗೆ" ಅಂದರು. ಹಾಗೆ ಹೇಳಿ ಒಳಗೆ ಹೋಗಿ ಕಣ್ಣೊರೆಸಿಕೊಂಡರು. ನಾನು ನೋಡದ ಹಾಗೆ ಇದ್ದೆ.

ಟೋಪಿ ಹುಡುಗನೂ ಪರವಾಗಿಲ್ಲ. ಆಸ್ಪತ್ರೆ ಮುಗಿದ ಮೇಲೆ ನಾವು ಏಳೆಂಟು ಮನೆಯವರು ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಹಿಟ್ಟು ನಾದುವ ದೊಡ್ಡ ಮೇಜು, ಒಲೆಯ ಬಿಸಿ, ಮಕ್ಕಳಿಗೆಲ್ಲ ಒಂದೊಂದು ಬನ್ನು. ಬಾಗಿಲು ಹಾಕಿಕೊಂಡು ಅಲ್ಲಿ ಕೂತೆವೆಂದರೆ ಜೀವಕ್ಕೆ ಏನೋ ಧೈರ್ಯ. ಯಾರ ಮಗುವೂ ಬೇರೆಯಲ್ಲ ಅನಿಸುತ್ತದೆ.

ಅಕ್ಕ


ಮಾರ್ಚ್ 20

ಅಕ್ಕ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನಗೆ ಇಷ್ಟು ಜನ ಗೆಳತಿಯರು ಸಿಕ್ಕಿದ್ದೂ ಖುಷಿಯೇ. ಅಂಗಡಿ, ಮನೆ, ಮಗಳು ಬಿಟ್ಟರೆ ನಿನಗೆ ಬೇರೆ ಲೋಕವೇ ಇರಲಿಲ್ಲ. ಬನ್ನಿನ ಗೆಳೆತನ ಚೆನ್ನಾಗಿ ಉಬ್ಬಲಿ.

ಇಲ್ಲಿ ಎಂದಿನಂತೆ. ಕೆಳಗಿನ ಮಹಡಿಯಲ್ಲಿ ಪ್ರಾಣಿಗಳನ್ನು ಸಾಕುವ ಕೋಣೆಯಿದೆ, ಅಲ್ಲಿಯವರ ಜೊತೆ ಮೊನ್ನೆ ಕಾಫಿ ಕುಡಿದೆ. ವಿಶೇಷ ಏನಿಲ್ಲ.

ಹಾಂ, ರೇಡಿಯೊ ಕಿವಿ ಹೇಗಿದೆ? ಸುಮ್ಮನೆ ಕೇಳಿದೆ.

ತಮ್ಮ


ಏಪ್ರಿಲ್ 11

ತಮ್ಮಾ,

ಕಿವಿ ಯಾಕೆ ಕೇಳಿದೆ? ಎರಡು ದಿನ ಯೋಚಿಸಿದೆ. ಆಮೇಲೆ ಹೊಳೆಯಿತು. ಚಿಕ್ಕವಳಿದ್ದಾಗ ಅವಳ ಕಿವಿ ಸೋರುತ್ತಿತ್ತಲ್ಲ, ನೀನು ಎತ್ತಿಕೊಂಡು ಬೀದಿಯೆಲ್ಲ ತಿರುಗಿಸಿದ್ದೆಯಲ್ಲ, ಅದನ್ನು ನೆನಪಿಟ್ಟುಕೊಂಡು ಕೇಳಿದ್ದೀಯ. ಮದುವೆಯಾಗದವನಿಗೆ ಇಂಥದ್ದೆಲ್ಲ ನೆನಪಿರುತ್ತದೆ ನೋಡು.

ಕಿವಿಗೆ ಏನೂ ಆಗಿಲ್ಲ. ಮೊದಲಿಗಿಂತ ಜೋರಾಗಿ ಮಾತಾಡುತ್ತಾಳೆ ಅಷ್ಟೆ. ಪಕ್ಕದ ಅಂಗಡಿಯವರು, "ರೇಡಿಯೊಗೆ ಹೊಸ ಬ್ಯಾಟರಿ ಹಾಕ್ಸಿದ್ರಾ?" ಅನ್ನುತ್ತಾರೆ. ಮೈಯಲ್ಲಿ ಕಸುವು ಬಂದಿದೆ ಅಂದುಕೊಂಡಿದ್ದೇನೆ.

ಅಂದುಕೊಂಡಿದ್ದೇನೆ ಎಂದು ಬರೆದ ಮೇಲೆ ಯಾಕೋ ಕಸಿವಿಸಿ. ನೀನು ಸುಮ್ಮನೆ ಏನನ್ನೂ ಕೇಳುವವನಲ್ಲ.

ಅಕ್ಕ


ಏಪ್ರಿಲ್ 28

ಅಕ್ಕ,

ಹೌದು, ಆ ಕಿವಿ ಸೋರುತ್ತಿದ್ದದ್ದೇ ನೆನಪಾಯಿತು. ತಲೆ ಕೆಡಿಸಿಕೊಳ್ಳಬೇಡ. ಇಲ್ಲಿ ಕೆಲಸ ವಿಪರೀತ, ಎಲ್ಲ ಊರಿನ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡುವ ಸಮಯ ಬಂದಿದೆ. ಸ್ವಲ್ಪ ದಿನ ಬರೆಯದಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ತಮ್ಮ


ಜೂನ್ 6

ತಮ್ಮಾ,

ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಒಬ್ಬ ಗಿರಾಕಿಯ ಹಳೇ ಕೈಗಡಿಯಾರ ರಿಪೇರಿ ಮುಗಿಸಿ ರೇಡಿಯೊ ಕೈಗೆ ಕೊಟ್ಟೆ. ಕಿವಿಗೆ ಹಿಡಿದಳು. "ನಿಂತಿದೆ ಅಮ್ಮಾ" ಅಂದಳು. ತೆಗೆದುಕೊಂಡು ನೋಡಿದೆ, ಸೆಕೆಂಡ್ ಮುಳ್ಳು ಓಡುತ್ತಿತ್ತು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಇನ್ನೊಂದು ಕೊಟ್ಟೆ. "ಇದೂ ನಿಂತಿದೆ." ಮತ್ತೊಂದು ಕೊಟ್ಟೆ. ಆ ಕಿವಿಗೆ ಹಿಡಿದಳು, ಈ ಕಿವಿಗೆ ಹಿಡಿದಳು, ಅಲ್ಲಾಡಿಸಿದಳು. "ಏನಮ್ಮಾ ನೀನು, ಇವತ್ತು ಒಂದನ್ನೂ ಸರಿಯಾಗಿ ಮಾಡಿಲ್ಲ" ಅಂದಳು.

ಗೋಡೆಯ ಮೇಲೆ, ಕಪಾಟಿನಲ್ಲಿ, ಮೇಜಿನ ಮೇಲೆ, ಇಡೀ ಅಂಗಡಿ ಟಿಕ್ ಟಿಕ್ ಎನ್ನುತ್ತಿತ್ತು. ಅದರ ಮಧ್ಯೆ ನಿಂತು ಅವಳು ನನ್ನನ್ನು ಬೈಯುತ್ತಿದ್ದಳು. ನಾನು "ಹೌದು ಕಂದಾ, ಕೆಟ್ಟಿವೆ" ಎಂದುಬಿಟ್ಟೆ. ಬೇರೆ ಏನು ಹೇಳಲಿ?

ಬೆಳಿಗ್ಗೆ ಬೇಕರಿಗೆ ಓಡಿದೆ. ಅವಳ ಒಲೆಗೆ ಒಂದು ಗಂಟೆ ಇದೆ, ಬ್ರೆಡ್ ಆದಾಗ ಕಿಣಿಕಿಣಿ ಎನ್ನುತ್ತದೆ. ಅದು ಬಡಿದರೆ ಟೋಪಿ ಹುಡುಗ ಎಲ್ಲಿದ್ದರೂ ಓಡಿಬರುತ್ತಿದ್ದನಂತೆ, ಈಗ ಬರುವುದಿಲ್ಲವಂತೆ. "ಮೊಂಡು ಬಿದ್ದಿದ್ದಾನೆ ಅಂತ ಎರಡೇಟು ಕೊಟ್ಟೆನಲ್ಲಕ್ಕಾ" ಎಂದು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಇನ್ನೂ ಇಬ್ಬರು ತಾಯಂದಿರು ಹೀಗೇ ಏನೋ ಹೇಳುತ್ತಿದ್ದಾರೆ. ಅವರೆಲ್ಲ ಡಾಕ್ಟರಮ್ಮನಿಗೆ ತಿಳಿಸಿದ್ದಾರೆ, ಡಾಕ್ಟರಮ್ಮ ಬರೆದುಕೊಂಡಿದ್ದಾರೆ. ನಾನು ಮಾತ್ರ ಇನ್ನೂ ತಿಳಿಸಿಲ್ಲ. ಮೊದಲು ನಿನ್ನನ್ನು ಕೇಳಬೇಕು.

ನೀನು ಮಾರ್ಚಿನಲ್ಲಿ ಕಿವಿಯ ಬಗ್ಗೆ ಕೇಳಿದೆ. ಮಾರ್ಚಿನಲ್ಲಿ! ನಿನಗೆ ಏನು ಗೊತ್ತಿತ್ತು?

ಅಕ್ಕ


ಜೂನ್ 15

ಅಕ್ಕ,

ಮೊದಲು ಒಂದು ಮಾತು: ಹೆದರಬೇಡ. ಕಡೆಯವರೆಗೂ ಓದು.

ಮಾರ್ಚಿನಲ್ಲಿ ಪ್ರಾಣಿಗಳ ಕೋಣೆಯವರು ಒಂದು ವಿಷಯ ಹೇಳಿದರು. ಈ ಔಷಧಿ ತಿಂದ ಇಲಿಗಳಲ್ಲಿ ಕೆಲವು, ಚಪ್ಪಾಳೆ ತಟ್ಟಿದರೆ ಬೆಚ್ಚುತ್ತಿರಲಿಲ್ಲವಂತೆ. ಮೇಲಿನವರು "ಇಲಿ ಬೇರೆ, ಮನುಷ್ಯ ಬೇರೆ" ಎಂದು ಬಿಟ್ಟಿದ್ದರಂತೆ. ಅದಕ್ಕೇ ನಿನಗೆ ಕಿವಿಯ ವಿಷಯ ಕೇಳಿದೆ. ಆದರೆ ಖಚಿತವಾಗದ ಮಾತನ್ನು ನಿನ್ನ ತಲೆಗೆ ಕಟ್ಟಬಾರದೆಂದು ಹೇಳಲಿಲ್ಲ. ಅಂದಿನಿಂದ ನನಗೂ ಸರಿಯಾಗಿ ನಿದ್ದೆಯಿಲ್ಲ.

ಈಗ ಲೆಕ್ಕ ಕೈಗೆ ಬಂದಿದೆ. ಎರಡು ಗುಂಪುಗಳನ್ನು ತೆರೆದು ನೋಡಿದೆವು. ಫಿಟ್ಸ್ ಕಡಿಮೆಯಾಗಿರುವುದು ನಿಜವಾದ ಮಾತ್ರೆಯ ಗುಂಪಿನಲ್ಲೇ ಹೆಚ್ಚು, ಅಂದರೆ ಔಷಧಿ ಕೆಲಸ ಮಾಡುತ್ತಿದೆ. ಕಿವಿಯ ಲೆಕ್ಕವನ್ನು ನಾನೇ ಎರಡು ಸಲ ಮಾಡಿದೆ. ಕಿವಿ ಮಂದವಾದ ಮಕ್ಕಳು ಕೆಲವರಿದ್ದಾರೆ, ನಿಜ. ಆದರೆ ಖಾಲಿ ಮಾತ್ರೆಯ ಗುಂಪಿನಲ್ಲೂ ಇದ್ದಾರೆ! ಔಷಧಿಯನ್ನು ನಾಲಿಗೆಗೂ ಸೋಕಿಸದ ಮಕ್ಕಳಿಗೂ ಹಾಗೆ ಆಗಿದ್ದರೆ ಅದು ಔಷಧಿಯ ತಪ್ಪು ಹೇಗಾದೀತು? ಖಾಲಿ ಗುಂಪಿನಲ್ಲಿ ಕಿವಿ ಮಂದವಾದ ಆ ಮಕ್ಕಳೆಲ್ಲ ನಿಮ್ಮೂರಿನವರೇ. ಹಾಗಾಗಿ ನಿಮ್ಮಲ್ಲಿ ಯಾವುದೋ ಜ್ವರ ಬಂದು ಹೋಗಿರಬೇಕು, ಇಲ್ಲವೇ ನೀರಿನಲ್ಲಿ ಏನೋ ಇರಬೇಕು ಎಂದು ವರದಿಯಲ್ಲಿ ನಾನೇ ಬರೆದೆ. ನಿಮ್ಮೂರಿನ ಆ ಮಕ್ಕಳು ಇಲ್ಲದಿದ್ದರೆ ಔಷಧಿಯನ್ನು ಇಂದೇ ನಿಲ್ಲಿಸಬೇಕಾಗುತ್ತಿತ್ತು, ಅಕ್ಕ. ಅವರೇ ಅದನ್ನು ಉಳಿಸಿದರು.

ಆದ್ದರಿಂದ ಮಾತ್ರೆ ಕೊಡುತ್ತಿರು. ಥಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಮೇಲೊಂದು ಬಂದು ಜೀವಕ್ಕೇ ಅಪಾಯ. ರೇಡಿಯೊಗೆ ಒಬ್ಬ ಕಿವಿಯ ಡಾಕ್ಟರನ್ನು ನೋಡಿಸು, ನಾನು ಬಂದು ಕರೆದುಕೊಂಡು ಹೋಗುತ್ತೇನೆ ಬೇಕಾದರೆ. ಆಗಸ್ಟಿನಿಂದ ಈ ಔಷಧಿ ಎಲ್ಲ ಊರಿನ ಮಕ್ಕಳಿಗೂ ಸಿಗುತ್ತದೆ. ಎಷ್ಟೋ ತಿಂಗಳ ಮೇಲೆ ಇವತ್ತು ಮನಸಾರೆ ಊಟ ಮಾಡಿದೆ.

ತಮ್ಮ


ಜೂನ್ 21

ತಮ್ಮಾ,

ನೀನು ಖುಷಿಯಿಂದ ಬರೆದಿದ್ದೀಯ. ನಾನು ಇದನ್ನು ಹೇಗೆ ಬರೆಯಲಿ?

ನಮ್ಮೂರಿನಲ್ಲಿ ಯಾವ ಜ್ವರವೂ ಇಲ್ಲ. ನೀರಿನಲ್ಲಿ ಏನೂ ಇಲ್ಲ. ನಮ್ಮೂರಿನಲ್ಲಿ ಬರೀ ಖಾಲಿ ಮಾತ್ರೆ ತಿಂದ ಮಗುವೇ ಇಲ್ಲ. ನಾವು ಬೇಕರಿಯಲ್ಲಿ ಸೇರುತ್ತಿದ್ದುದು ಬನ್ನು ತಿನ್ನುವುದಕ್ಕಲ್ಲ.

ಫೆಬ್ರವರಿಯಲ್ಲಿ ನೀನು "ಇಲ್ಲ" ಎಂದು ಬರೆದ ಕಾಗದ ಕೈಸೇರಿದ ಮಾರನೆಯ ದಿನ ಬೇಕರಿಯವಳು ಹೇಳಿದಳು: "ಯಾರದ್ದು ಖಾಲಿ, ಯಾರದ್ದು ಭರ್ತಿ ಅಂತ ಯಾಕೆ ತಲೆ ಚಚ್ಕೋಬೇಕು? ಎಲ್ಲಾನೂ ಸೇರ್ಸಿ ಹಂಚ್ಕೊಳ್ಳೋಣ. ಎಲ್ರ ಮಕ್ಕಳಿಗೂ ಅರ್ಧರ್ಧ ಆದ್ರೂ ಸಿಗುತ್ತೆ." ಅಂದಿನಿಂದ ಹಾಗೇ ಮಾಡಿದೆವು. ಡಬ್ಬಿ ಕೊಟ್ಟ ದಿನ ಎಲ್ಲರೂ ನೇರವಾಗಿ ಅವಳ ಹಿಂದಿನ ಕೋಣೆಗೆ ಹೋಗಿ, ಹಿಟ್ಟು ಕಲೆಸುವ ದೊಡ್ಡ ಬೋಗುಣಿಯನ್ನು ಒರೆಸಿ, ಎಲ್ಲರ ಡಬ್ಬಿಯನ್ನೂ ಅದಕ್ಕೆ ಸುರಿಯುತ್ತಿದ್ದೆವು. ಕಲೆಸುವುದು ನನ್ನ ಕೆಲಸ. ಸಣ್ಣ ಸಾಮಾನು ಹಿಡಿದು ರೂಢಿಯಾದ ಕೈ, ಒಂದು ಮಾತ್ರೆಯೂ ಒಡೆಯುವುದಿಲ್ಲ ಎಂದು ಅವರೇ ಕೊಟ್ಟಿದ್ದು. ಆಮೇಲೆ ಅವರವರ ಡಬ್ಬಿಗೆ ಮತ್ತೆ ತುಂಬಿಕೊಂಡು ಹೋಗುತ್ತಿದ್ದೆವು. ನಿಮಗೆ ಮೋಸ ಮಾಡಬೇಕೆಂದು ಮಾಡಲಿಲ್ಲವೋ. ಆ ಕೋಣೆಯಲ್ಲಿ ಒಬ್ಬರ ಮಗು ಗುಣವಾಗಿ ಇನ್ನೊಬ್ಬರದು ಬೀಳುವುದನ್ನು ನೋಡುತ್ತ ಕೂರಲು ನಮ್ಮಿಂದ ಆಗಲಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಆದರೆ ನಿನ್ನ ಕಾಗದವನ್ನು ಎಷ್ಟು ಸಲ ಓದಿದರೂ ಒಂದೇ ಅರ್ಥ ಬರುತ್ತಿದೆ. ಖಾಲಿ ಗುಂಪಿನವರು ಎಂದು ನೀನು ಎಣಿಸಿದ ಆ ಮಕ್ಕಳು ಔಷಧಿ ತಿಂದಿದ್ದರು. ಅದಕ್ಕೇ ಅವರ ಕಿವಿ ಹೋಯಿತು. ಔಷಧಿಯನ್ನು ನಿರಪರಾಧಿ ಮಾಡಿದ್ದು ನನ್ನ ಕೈ.

ಆಗಸ್ಟಿಗೆ ಎಲ್ಲ ಊರಿನ ಮಕ್ಕಳಿಗೂ ಎಂದಿದ್ದೀಯ. ನಿಲ್ಲಿಸು. ಇದನ್ನು ಈಗಲೇ ಹೇಳಿ ನಿಲ್ಲಿಸು. ರೇಡಿಯೊಗೆ ನಾನು ಏನು ಮಾಡಲಿ ಅದನ್ನೂ ಹೇಳು. ಮಾತ್ರೆ ಕೊಟ್ಟರೆ ಕಿವಿ, ಬಿಟ್ಟರೆ ಜೀವ. ದಿನವೂ ಅವಳ ಬಾಯಿಗೆ ಅದನ್ನು ಹಾಕುವುದು ನನ್ನ ಕೈಯೇ. ಬೇಗ ಬರೆ.

ಅಕ್ಕ


ಜುಲೈ 9

ಅಕ್ಕ,

ಇದನ್ನು ಓದಿದ ಮೇಲೆ ಹರಿದುಹಾಕು.

ತಡವಾಯಿತು. ಹೇಗೆ ಹೇಳುವುದೆಂದು ತಿಳಿಯಲಿಲ್ಲ. ನಾನು ಬಾಯಿಬಿಟ್ಟರೆ ಮೊದಲು ಬರುವ ಪ್ರಶ್ನೆ ಒಂದೇ: ನಿನಗೆ ಹೇಗೆ ಗೊತ್ತಾಯಿತು? ಆಗ ರೇಡಿಯೊ ನನ್ನ ಅಕ್ಕನ ಮಗಳು ಎಂದು ಹೊರಬರುತ್ತದೆ. ನನ್ನ ಕೆಲಸ ಹೋಗುತ್ತದೆ, ಅದಿರಲಿ. ನಿಮ್ಮ ಬೇಕರಿಯ ಮಕ್ಕಳನ್ನೆಲ್ಲ ಆಸ್ಪತ್ರೆಯಿಂದ ಹೊರಗೆ ಹಾಕಬಹುದು. ಔಷಧಿಯೂ ಇಲ್ಲ, ನೋಡುವ ಡಾಕ್ಟರೂ ಇಲ್ಲ. ಯೋಚಿಸು.

ಇನ್ನೊಂದು ದಿಕ್ಕಿನಿಂದಲೂ ನೋಡು. ಕಿವಿ ಪೂರ್ತಿ ಹೋಗುವುದಿಲ್ಲ, ಸಣ್ಣ ಸದ್ದುಗಳು ಕೇಳುವುದಿಲ್ಲ ಅಷ್ಟೆ. ಫಿಟ್ಸಿನಲ್ಲಿ ಸಾಯುವ ಮಕ್ಕಳೂ ಇದ್ದಾರಲ್ಲ. ತೂಗಿ ನೋಡಿದರೆ ಔಷಧಿಯೇ ಮೇಲು ಎಂದು ಹೇಳುವವರೂ ಇಲ್ಲಿದ್ದಾರೆ. ಔಷಧಿ ಹೊರಗೆ ಬಂದ ಮೇಲೆ, ಸ್ವಲ್ಪ ಕಾಲ ಬಿಟ್ಟು, ಕಿವಿಯ ಬಗ್ಗೆ ಎಚ್ಚರಿಕೆಯ ಒಂದು ಸಾಲನ್ನು ಸೇರಿಸುವಂತೆ ನಾನು ಮೆತ್ತಗೆ ಮಾಡಿಸುತ್ತೇನೆ. ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡ.

ಲಕೋಟೆ ತೆರೆದಾಗಿದೆ. ರೇಡಿಯೊ ಸಂಖ್ಯೆಯನ್ನೂ ನೋಡಿದೆ. ಅದರಲ್ಲಿ ಏನಿತ್ತು ಎಂದು ಬರೆಯುವುದಿಲ್ಲ.

ತಮ್ಮ


ಜುಲೈ 14

ತಮ್ಮಾ,

ಹರಿದುಹಾಕಿಲ್ಲ. ನನ್ನ ತಮ್ಮನೇ ಬರೆದಿದ್ದು ಹೌದೋ ಅಲ್ಲವೋ ಎಂದು ಅಕ್ಷರ ನೋಡಿದೆ. ಅಪ್ಪನ ಅಕ್ಷರವೇ. ಅದನ್ನು ನೋಡಿ ಹೆಚ್ಚು ಹೆದರಿಕೆಯಾಯಿತು. ಇಷ್ಟು ದಿನ ಔಷಧಿಗೆ ಹೆದರುತ್ತಿದ್ದೆ, ಈಗ ನಿನಗೆ ಹೆದರುತ್ತಿದ್ದೇನೆ.

ಸಣ್ಣ ಸದ್ದುಗಳು ಅಷ್ಟೆ ಎಂದಿದ್ದೀಯ. ಹೋದ ವಾರದಿಂದ ಅವಳು ನನ್ನ ಬಾಯಿಯನ್ನೇ ನೋಡುತ್ತ ಮಾತಾಡಲು ಶುರುಮಾಡಿದ್ದಾಳೆ. ನಾನು ಬೆನ್ನು ಹಾಕಿ ಮಾತಾಡಿದರೆ ಬಂದು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ. ಯಾಕೆ ಎಂದು ಅವಳಿಗೇ ಗೊತ್ತಿಲ್ಲ.

ಸಂಖ್ಯೆಯಲ್ಲಿ ಏನಿತ್ತು ಎಂದು ಬರೆಯುವುದಿಲ್ಲ ಎಂದೆಯಲ್ಲ, ಅದರಲ್ಲೇ ನನಗೆ ಉತ್ತರ ಸಿಕ್ಕಿತು. ಅವಳದು ನಿಜವಾದ ಮಾತ್ರೆಯಾಗಿದ್ದರೆ ನೀನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ. "ಹಂಚದಿದ್ದರೂ ಹೀಗೇ ಆಗುತ್ತಿತ್ತು, ನಿನ್ನ ತಪ್ಪಿಲ್ಲ ಅಕ್ಕ" ಎಂದು ಸಮಾಧಾನ ಹೇಳುತ್ತಿದ್ದೆ. ಹೇಳಲಿಲ್ಲ. ಅವಳದು ಖಾಲಿ ಡಬ್ಬಿ. ಅದಕ್ಕೆ ನಾನೇ ನನ್ನ ಕೈಯಾರೆ ತುಂಬಿಸಿದೆ. ಇದನ್ನು ನಾನು ಹೇಗೋ ಹೊತ್ತುಕೊಳ್ಳುತ್ತೇನೆ. ಆದರೆ ಇನ್ನೆಷ್ಟೋ ಮನೆಗಳಲ್ಲಿ ಎಷ್ಟೋ ತಾಯಂದಿರು ಏನೂ ಗೊತ್ತಿಲ್ಲದೆ ಇದೇ ಮಾತ್ರೆ ಕೊಡುತ್ತಾರಲ್ಲ, ಅದನ್ನು ಹೊರಲು ನನ್ನಿಂದ ಆಗುವುದಿಲ್ಲ.

ನೀನು ಮಾರ್ಚಿನಲ್ಲಿ ಇಲಿಗಳ ವಿಷಯ ಹೇಳಿದ್ದರೆ ನಾನು ಅವತ್ತೇ ಬೋಗುಣಿಯ ವಿಷಯ ಹೇಳುತ್ತಿದ್ದೆನೋ ಏನೋ. ನೀನೂ ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ. ನಡುವೆ ಅವಳು ಸಿಕ್ಕಿಕೊಂಡಳು.

ನಾಳೆ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ. ಅದು ನಿನಗೆ ಬಿಟ್ಟದ್ದು.

ಅಕ್ಕ


ಆಗಸ್ಟ್ 2

ಅಕ್ಕ,

ಬರೆಯಲು ಮುಖವಿಲ್ಲ. ಆದರೂ ನಡೆದದ್ದನ್ನು ನೀನು ನನ್ನಿಂದಲೇ ಕೇಳಬೇಕು.

ನಿಮ್ಮ ಡಾಕ್ಟರಮ್ಮನ ವರದಿ ಇಲ್ಲಿಗೆ ಬಂತು. ಮುಖ್ಯಸ್ಥರು ಎಲ್ಲರನ್ನೂ ಕರೆದು ಓದಿಸಿ, ನಕ್ಕರು. "ಕಾಯೋ ಕೋಣೇಲಿ ಕೂತೋರ ಕಥೆ ಕೇಳ್ಕೊಂಡು ಇಷ್ಟು ವರ್ಷದ ಕೆಲಸ ನಿಲ್ಸೋಕಾಗುತ್ತೇನ್ರೀ? ಮಗುವಿಗೆ ಹುಷಾರಿಲ್ಲ, ಯಾರ ಮೇಲಾದ್ರೂ ಹಾಕ್ಬೇಕು, ಹಾಕ್ತಿದ್ದಾರೆ" ಅಂದರು. ಎಲ್ಲರೂ ತಲೆದೂಗಿದರು. ನನ್ನ ತಲೆಯೂ ತೂಗಲು ಹೊರಟಿತ್ತು ಅಕ್ಕ, ಸುಳ್ಳು ಹೇಳುವುದಿಲ್ಲ. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಅವರು ನಿನ್ನನ್ನು ಸುಳ್ಳುಗಾತಿ ಎಂದು ಬರೆದು ಕಡತ ಮುಚ್ಚುತ್ತಿದ್ದರು.

ಆಗ ನೀನು ಬರೆದದ್ದು ಕಣ್ಣಮುಂದೆ ಬಂತು. ಅಂಗಡಿ ತುಂಬ ಗಡಿಯಾರಗಳು, ನಡುವೆ ಅವಳು. ಎದ್ದು ನಿಂತೆ. "ಅವ್ರು ನನ್ನ ಸ್ವಂತ ಅಕ್ಕ ಸಾರ್. ಆ ಮಗು ನನ್ನ ಅಕ್ಕನ ಮಗಳು. ಅಕ್ಕ ಹೇಳಿರೋದು ನಿಜ" ಅಂದೆ. ಯಾರಿಗೂ ಕೇಳಲಿಲ್ಲ. "ಏನು?" ಅಂದರು. ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು.

ನಿಮ್ಮ ಬೇಕರಿಯ ಮಕ್ಕಳನ್ನು ಬೇರೆ ತೆಗೆದಿಟ್ಟು ಅಲ್ಲೇ ಎಲ್ಲರೆದುರು ಮತ್ತೆ ಎಣಿಸಿದೆ. ಖಾಲಿ ಮಾತ್ರೆಯ ಗುಂಪಿನಲ್ಲಿ ಕಿವಿ ಮಂದವಾದ ಮಗು ಒಂದೂ ಉಳಿಯಲಿಲ್ಲ. ಆಮೇಲೆ ಯಾರೂ ನಗಲಿಲ್ಲ. ಔಷಧಿ ನಿಂತಿದೆ. ಯಾವ ಊರಿಗೂ ಹೋಗುವುದಿಲ್ಲ. ನನ್ನ ಮೇಜಿನ ಬೀಗದ ಕೈಯನ್ನು ತೆಗೆದುಕೊಂಡಿದ್ದಾರೆ, ವಿಚಾರಣೆ ನಡೆಯುತ್ತದಂತೆ. ಅದು ನ್ಯಾಯವೇ.

ಜುಲೈನಲ್ಲಿ ನಾನು ಬರೆದ ಕಾಗದಕ್ಕೆ ಕ್ಷಮೆ ಕೇಳುವುದು ಹೇಗೆಂದು ತಿಳಿಯುತ್ತಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆಗೆ ನಾನು ಮಕ್ಕಳ ಕಿವಿಯನ್ನು ತಕ್ಕಡಿಗೆ ಹಾಕಿದೆ. ರೇಡಿಯೊ ಹೇಗಿದ್ದಾಳೆ? ಇದನ್ನಾದರೂ ಬರೆ. ಬೈದೇ ಬರೆ.

ತಮ್ಮ


ಆಗಸ್ಟ್ 19

ತಮ್ಮಾ,

ಬೈಯುವುದಕ್ಕೂ ಶಕ್ತಿ ಬೇಕು ಕಣೋ. ಅದು ಬಂದ ಮೇಲೆ ಬೈಯುತ್ತೇನೆ, ಬಾಕಿ ಇರಲಿ.

ಡಾಕ್ಟರಮ್ಮ ನಮ್ಮನ್ನು ಹೊರಗೆ ಹಾಕಲಿಲ್ಲ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ವರದಿ ಕಳಿಸಿದರು. ಆಮೇಲೆ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದರು, ಹಳೆಯ ಔಷಧಿ ಸೇರಿಸಿದರು. ಇನ್ನು ಕಿವಿ ಇದಕ್ಕಿಂತ ಹೆಚ್ಚು ಹಾಳಾಗಲಿಕ್ಕಿಲ್ಲವಂತೆ. ಹೋದದ್ದು ಮಾತ್ರ ಬರುವುದಿಲ್ಲವಂತೆ. ರೇಡಿಯೊಗೆ ಫಿಟ್ಸ್ ಮತ್ತೆ ಶುರುವಾಗಿದೆ. ಮೊನ್ನೆ ಮಂಗಳವಾರ ಅಂಗಡಿಯಲ್ಲೇ ಬಿದ್ದಳು. ಎದ್ದು ಕೂತು, "ಎಷ್ಟು ಹೊತ್ತಾಯ್ತು?" ಎಂದು ಗೋಡೆಯ ಗಡಿಯಾರ ನೋಡಿದಳು.

ಬೇಕರಿಯವಳು ಮೊದಲು ನನ್ನ ಮುಖಕ್ಕೇ ಬಾಗಿಲು ಹಾಕಿದಳು. ಎಲ್ಲರ ಗುಟ್ಟನ್ನೂ ನಾನೊಬ್ಬಳೇ ಹೋಗಿ ಹೇಳಿಬಿಟ್ಟೆ ಎಂದು ಸಿಟ್ಟು. ಆಮೇಲೆ ಡಾಕ್ಟರಮ್ಮ ಎಲ್ಲರ ಸಂಖ್ಯೆಯನ್ನೂ ಬಿಚ್ಚಿ ಹೇಳಿದರು. ಟೋಪಿ ಹುಡುಗನದು ಭರ್ತಿ, ನಮ್ಮದು ಖಾಲಿ. ಅವತ್ತು ಸಂಜೆ ಅವಳೇ ಅಂಗಡಿಗೆ ಬಂದಳು. "ನನ್ನ ಮಗನ ಮಾತ್ರೆ ನಿನ್ನ ಮಗಳ ಹೊಟ್ಟೆಗೆ ಹೋಯ್ತು. ಪೂರ್ತಿ ಅವನೇ ತಿಂದಿದ್ರೆ ಅವ್ನಿಗೆ ಕಿವಿ ಇಷ್ಟೂ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು. ನಾನೀಗ ಯಾರನ್ನ ಬೈಲಿ, ಯಾರಿಗೆ ಕೈ ಮುಗೀಲಿ, ಹೇಳಕ್ಕಾ?" ಅಂದಳು. ಇಬ್ಬರೂ ಅತ್ತೆವು. ಮಕ್ಕಳಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತು ಒಬ್ಬರ ಕಿವಿಯಲ್ಲಿ ಒಬ್ಬರು ಕಿರುಚಿ ನಗುತ್ತಿದ್ದರು.

ನೀನು ಎದ್ದು ನಿಂತದ್ದನ್ನು ನಿನ್ನ ಭಾವನಿಗೆ ಹೇಳಿದೆ. "ತಡ ಮಾಡ್ದ" ಅಂದರು. ಸ್ವಲ್ಪ ಬಿಟ್ಟು, "ಆದ್ರೂ ನಿಂತ" ಅಂದರು. ಬರಬೇಕೆನಿಸಿದರೆ ಬಾ. ಮಹಡಿಯ ಕೋಣೆ ಖಾಲಿ ಇದೆ. ಕೂದಲೆಳೆಯಂಥ ಮುಳ್ಳು ಹಿಡಿಯಲು ನಿನ್ನ ಕೈಗೂ ಒಂದು ಕಾಲದಲ್ಲಿ ಬರುತ್ತಿತ್ತು.

ರೇಡಿಯೊ ನಿಂತಿಲ್ಲ, ದನಿ ಮಾತ್ರ ಜೋರಾಗಿದೆ. ನಿನ್ನ ಕಾಗದ ಬಂದ ದಿನ ನನ್ನ ಗದ್ದ ಹಿಡಿದು ತಿರುಗಿಸಿ, "ಮಾಮ ಏನ್ ಬರ್ದಿದಾರೆ, ಓದು, ಜೋರಾಗಿ ಓದು" ಎಂದು ಹಟ ಮಾಡಿದಳು. ಓದಿದೆ. ಕೇಳಲಿಲ್ಲ ಅಂದಳು. ಇನ್ನೂ ಜೋರಾಗಿ ಓದಿದೆ. ಪಕ್ಕದ ಅಂಗಡಿಯವರು ಕತ್ತು ಹೊರಗೆ ಹಾಕಿದರು, ಎದುರು ಮನೆಯ ಕಿಟಕಿ ತೆರೆಯಿತು, ಹೋಗುತ್ತಿದ್ದವರು ನಿಂತರು. ನಾನು ನಿಲ್ಲಿಸಲಿಲ್ಲ, ಕಡೆಯವರೆಗೂ ಓದಿದೆ. ಇನ್ನು ಮೇಲೆ ನಿನ್ನ ಕಾಗದಗಳನ್ನೆಲ್ಲ ಅವಳಿಗೆ ಹೀಗೇ ಓದಬೇಕು. ಅದಕ್ಕೆ, ತಮ್ಮಾ, ಬೀದಿಗೆಲ್ಲ ಕೇಳಿದರೂ ಪರವಾಗಿಲ್ಲ ಎನ್ನುವಂಥದ್ದನ್ನೇ ಬರೆ.

ಅಕ್ಕ